ಕೆಳಗಿನ ಕಣ್ಣಿನ ಮುಚ್ಚಳ

ಅವರ ಬಲಗೈ ತೋರುಬೆರಳಿನ ಉಗುರು ಕಂದುಬಣ್ಣದ್ದು. ಮೂವತ್ತು ವರ್ಷ ಫೋಟೋ ತೊಳೆಯುವ ನೀರಿನಲ್ಲಿ ಅದ್ದಿ ಅದ್ದಿ ಕೂತ ಬಣ್ಣ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಆ ಉಗುರನ್ನು ಮಾತ್ರ ಸ್ವಲ್ಪ ಉದ್ದ ಬಿಟ್ಟಿದ್ದರು. ನಾನು ತೆಗೆದ ಫೋಟೋದಲ್ಲಿ ತಪ್ಪು ಕಂಡರೆ ಅದರಿಂದಲೇ ಪರ್ರನೆ ಒಂದು ಗೀರು ಎಳೆದು ಹಾಳುಮಾಡಿ ಬಿಸಾಡುತ್ತಿದ್ದರು. ತಾವು ಫೋಟೋ ತೆಗೆಯುವ ಮುಂಚೆ ಕ್ಯಾಮೆರಾದ ಮುಂಭಾಗಕ್ಕೆ ಅದೇ ಉಗುರಿನಿಂದ ಒಂದು ಸಲ ಮೆಲ್ಲಗೆ ಹೊಡೆಯುತ್ತಿದ್ದರು. ದೃಷ್ಟಿ ತಾಕಬಾರದೆಂಬ ನಂಬಿಕೆಯೋ ಏನೋ ಎಂದುಕೊಂಡಿದ್ದೆ. ಯಾಕೆ ಸಾರ್ ಎಂದು ಒಂದು ದಿನ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಸ್ಟುಡಿಯೋ ಸಾರ್ ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದುದು. ಲಗ್ಗೆರೆಯ ಹಳೇ ಊರಿನವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರಂತಸ್ತು ಎಬ್ಬಿಸಿ, ಮೇಲೆಲ್ಲ ನಮ್ಮಂಥ ಬಾಡಿಗೆಯವರನ್ನು ತುಂಬಿ, ಕೆಳಗೆ ಸ್ಟುಡಿಯೋ ಇಟ್ಟುಕೊಂಡಿದ್ದರು. ಪೀಣ್ಯದ ಕಾರ್ಖಾನೆಗಳ ಯಂತ್ರಗಳ ಫೋಟೋ, ಆಯುಧಪೂಜೆಯ ದಿನ ಕುಂಕುಮ ಬಳಿದ ಲೇತುಗಳ ಮುಂದೆ ಕೆಲಸಗಾರರ ಗುಂಪು ಫೋಟೋ, ಇವೇ ಅವರ ಕೆಲಸ. ಅವರ ಕಟ್ಟಡದ ಎರಡನೇ ಮಹಡಿಯ ಒಂದು ರೂಮಿನಲ್ಲಿ ಅಪ್ಪ, ಮಗಳು ನಾವಿಬ್ಬರು. ಅಪ್ಪ ಎರಕದ ಕಾರ್ಖಾನೆಯಲ್ಲಿದ್ದ. ನಾನು ಬೇರಿಂಗು ಕಂಪನಿಯಲ್ಲಿ ದಿನವಿಡೀ ಪೀಸು ಅಳೆಯುತ್ತಿದ್ದೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಅದನ್ನು ಬಿಟ್ಟು ಸಾರ್ ಹತ್ತಿರ ಕಲಿಯಲು ಸೇರಿದೆ.

ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಮ್ಮೂರು ಸಿಂದಗಿ ಹತ್ತಿರ ಎಂದು ತಿಳಿದ ದಿನದಿಂದ "ಏಯ್ ಬಿಜಾಪುರ" ಎನ್ನುತ್ತಿದ್ದರು. ಮೊದಲ ಆರು ತಿಂಗಳು ರೀಲಿಲ್ಲದ ಕ್ಯಾಮೆರಾ ಕೊಟ್ಟು ಪೀಣ್ಯ ಸುತ್ತಲು ಕಳಿಸಿದರು. ಸಂಜೆ ಬಂದು, ಆ ದಿನ ಯಾವ ಹನ್ನೆರಡು ಫೋಟೋ ತೆಗೆದೆ, ಯಾವುದರಲ್ಲಿ ಬೆಳಕು ಎಲ್ಲಿಂದ ಬಿತ್ತು ಎಂದು ಒಪ್ಪಿಸಬೇಕಿತ್ತು. ಒಂದು ತಪ್ಪಿದರೆ, "ನಾಳೆ ವಾಪಸ್ ಬೇರಿಂಗ್ ಅಳೆಯಾಕೆ ಓಗು" ಎನ್ನುತ್ತಿದ್ದರು. ರೂಮಿಗೆ ಹೋಗಿ ಅಳುತ್ತಿದ್ದೆ. ಬೆಳಗ್ಗೆ ಮತ್ತೆ ಇಳಿದು ಬರುತ್ತಿದ್ದೆ. ಅವರಷ್ಟು ಚೆನ್ನಾಗಿ ಕಲಿಸುವವರು ಈ ಊರಲ್ಲಿ ಇನ್ನೊಬ್ಬರಿರಲಿಲ್ಲ, ಅದೇ ನನ್ನ ಕರ್ಮ.

ಅವರ ಬಳಿ ಎರಡು ಕ್ಯಾಮೆರಾ ಇದ್ದವು. ಎರಡಕ್ಕೂ ಸಾಮಾನ್ಯ ರೀಲಿಗಿಂತ ಅಗಲವಾದ ಫಿಲಂ, ರೀಲಿಗೆ ಹನ್ನೆರಡೇ ಫೋಟೋ. ಒಂದಕ್ಕೆ ಅವರು ಒಂಟಿಕಣ್ಣು ಎನ್ನುತ್ತಿದ್ದರು. ನೋಡುವುದೂ ತೆಗೆಯುವುದೂ ಒಂದೇ ಲೆನ್ಸಿನಿಂದ, ಒಳಗೊಂದು ಕನ್ನಡಿ. ಒತ್ತಿದರೆ ಕನ್ನಡಿ ಧಡ್ ಎಂದು ಎದ್ದು, ಆ ಕ್ಷಣ ನಮಗೆ ಏನೂ ಕಾಣದು. ಇನ್ನೊಂದು ಜೋಡಿಕಣ್ಣು. ಮೇಲಿನ ಕಣ್ಣಿನಿಂದ ನೋಡುವುದು, ಕೆಳಗಿನ ಕಣ್ಣಿನಿಂದ ತೆಗೆಯುವುದು. ಸದ್ದೇ ಇಲ್ಲ, ಒತ್ತುವಾಗಲೂ ಎದುರಿನ ಮುಖ ಕಾಣುತ್ತಲೇ ಇರುತ್ತದೆ. ಅದರ ಮೇಲಿನ ಕಣ್ಣಿನ ಮುಚ್ಚಳ ಎಂದೋ ಕಳೆದುಹೋಗಿ, ಕೆಳಗಿನದಕ್ಕೆ ಮಾತ್ರ ಒಂದು ಕಪ್ಪು ತಗಡಿನ ಮುಚ್ಚಳ ಉಳಿದಿತ್ತು.

ಆಗ ಎಲ್ಲೆಡೆ ಡಿಜಿಟಲ್ ಬರುತ್ತಿತ್ತು. ಹಳೇ ಫಿಲಂ ಕ್ಯಾಮೆರಾ ಅಗ್ಗಕ್ಕೆ ಸಿಗುತ್ತವೆಂದು ಶನಿವಾರ ವೈಟ್‌ಫೀಲ್ಡ್ ಕಡೆಯಿಂದ ಹುಡುಗರು ಬೈಕಿನಲ್ಲಿ ಬಂದು, ಯಾವುದು ತಗೊಳ್ಳೋದು ಸಾರ್, ಯಾವುದರ ಲೆನ್ಸ್ ಶಾರ್ಪು ಎಂದು ಕೇಳುತ್ತಿದ್ದರು. ಸಾರ್ ಎರಡನ್ನೂ ಮೇಜಿನ ಮೇಲಿಟ್ಟು, "ಕ್ಯಾಮೆರಾ ಆಮೇಲೆ. ಮುಖ ಯಾರ್ದು ಯೋಳು" ಎನ್ನುತ್ತಿದ್ದರು. ಹುಡುಗರು ಮಿಕಮಿಕ ನೋಡುತ್ತಿದ್ದರು. "ಯಾರ ಮುಖ ಅಂತ ಗೊತ್ತಿಲ್ದೋನು ಕ್ಯಾಮೆರಾ ತಗೊಂಡು ಏನ್ ಮಾಡ್ತೀಯಪ್ಪ? ನಡಿ." ಬಾಗಿಲು ತೋರಿಸಿಬಿಡುತ್ತಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ಎಷ್ಟು ಹಿಡಿಸಿತ್ತೆಂದರೆ, ಒಂದು ದಿನ ಅದನ್ನು ಅವರಿಗೇ ತಿರುಗಿಸಿ ಹೇಳಿದೆ.

ಅಪ್ಪನ ಪುಪ್ಪುಸಗಳಲ್ಲಿ ಎರಕದ ಮರಳಿನ ಧೂಳು ತುಂಬಿತ್ತು. ಇನ್ನು ಕೆಲಸ ಸಾಕು, ಊರಿಗೆ ಹೋಗಲಿ ಎಂದರು ಡಾಕ್ಟರು. ಹೊರಡುವ ದಿನ ಮಧ್ಯಾಹ್ನ, ಬಸ್ಸಿಗೆ ಇನ್ನೂ ಒಂದು ತಾಸಿರುವಾಗ, ಅವನನ್ನು ಕೆಳಗೆ ಸ್ಟುಡಿಯೋಗೆ ಕರೆತಂದೆ. ಅಪ್ಪನದೊಂದು ಸರಿಯಾದ ಫೋಟೋ ನಮ್ಮಲ್ಲಿರಲಿಲ್ಲ. ಫೋಟೋ ಎಂದರೆ ಅವನು ಕಣ್ಣು ಮುಚ್ಚುತ್ತಿದ್ದ.

"ಒಂಟಿಕಣ್ಣು ತಗೊ" ಎಂದರು ಸಾರ್. "ಜೋಡಿಕಣ್ಣಿಗೆ ನೀನಿನ್ನೂ ಲಾಯಕ್ಕಾಗಿಲ್ಲ."

"ಮುಖ ಯಾರ್ದು ಅಂತ ನೀವೇ ಕೇಳ್ತೀರಲ್ಲ ಸಾರ್. ಇದು ನಮ್ಮಪ್ಪನ ಮುಖ. ಆ ಧಡ್ ಸದ್ದಿಗೆ ಕಣ್ಣು ಮುಚ್ಚಿಬಿಡ್ತಾರೆ. ಇದ್ರಲ್ಲಾದ್ರೆ ಕಣ್ಣು ತೆರೆದಿದ್ದು ನೋಡ್ಕೊಂಡೇ ಒತ್ತಬಹುದು."

ಬಾಡಿಗೆಯವನಾದ ಅಪ್ಪನ ಮುಂದೆ ನಾನು ಹಾಗೆ ಎದುರುತ್ತರ ಕೊಟ್ಟದ್ದು ಅವರಿಗೆ ಚುಚ್ಚಿತು, ಮುಖದಲ್ಲೇ ಕಂಡಿತು. "ಆಯ್ತು, ನಿನ್ನಿಷ್ಟ" ಎಂದು ಸ್ಟೂಲು ಎಳೆದುಕೊಂಡು ಪಕ್ಕಕ್ಕೆ, ಕ್ಯಾಮೆರಾದ ಮುಂಭಾಗ ಕಾಣುವ ಕಡೆ ಕೂತರು.

ಅಪ್ಪ ಇಸ್ತ್ರಿಯ ಅಂಗಿ ಹಾಕಿ, ಟೋಪಿ ಸರಿಮಾಡಿಕೊಂಡು ಕೂತಿದ್ದ. ಕೆಮ್ಮು ನಿಲ್ಲುವುದನ್ನು ಕಾಯುತ್ತ, ಕಣ್ಣು ಅರಳುವುದನ್ನು ಕಾಯುತ್ತ, ಒಂದೊಂದನ್ನೂ ನಿಧಾನವಾಗಿ ತೆಗೆದೆ. ಏಳನೆಯದರಲ್ಲಿ ಅವನು ಸಣ್ಣಗೆ ನಕ್ಕ. ಕ್ಯಾಮೆರಾದ ನೋಡುವ ಗಾಜಿನಲ್ಲಿ ನಾನು ಕಂಡಷ್ಟು ಚೆಂದದ ಅಪ್ಪನನ್ನು ಬೇರೆಲ್ಲೂ ಕಂಡಿಲ್ಲ. ಹನ್ನೆರಡೂ ಮುಗಿಸಿ ಕ್ಯಾಮೆರಾ ತಿರುಗಿಸಿದೆ. ಕೆಳಗಿನ ಕಣ್ಣಿನ ಮೇಲೆ ಮುಚ್ಚಳ ಹಾಗೇ ಇತ್ತು.

ಸಾರ್ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದರು.

"ಸಾರ್, ಇನ್ನೊಂದು ರೀಲು ಕೊಡಿ."

"ರೀಲು ಮುಗೀತು."

"ಫ್ರಿಜ್ಜಲ್ಲಿದೆ ಸಾರ್."

"ಅದು ಕಾರ್ಖಾನೆ ಕೆಲ್ಸಕ್ಕೆ ಇಟ್ಟಿರೋದು." ಫ್ರಿಜ್ಜಿನ ಬೀಗದ ಕೈ ಅವರ ಜೇಬಿನಲ್ಲಿತ್ತು. ಕೈ ಅದರ ಹತ್ತಿರಕ್ಕೂ ಹೋಗಲಿಲ್ಲ.

ಅಪ್ಪ ಎದ್ದು ಚಪ್ಪಲಿ ಮೆಟ್ಟುತ್ತಿದ್ದ. "ಚಲೋ ಬಂದಾವೇನವ್ವಾ? ಕಣ್ಣ ತೆರದಿದ್ನಿಲ್ಲೋ?"

"ಚಲೋ ಬಂದಾವಪ್ಪ" ಎಂದೆ.

ಗೊರಗುಂಟೆಪಾಳ್ಯದಲ್ಲಿ ಅವನನ್ನು ಬಸ್ಸಿಗೆ ಹತ್ತಿಸಿ ಬಂದು, ಮುಂಚೆ ಯಾಕೆ ಹೇಳಲಿಲ್ಲ ಎಂದು ಸಾರನ್ನು ಕೇಳಿದೆ. ಅವರು ಜೋಡಿಕಣ್ಣನ್ನು ಎತ್ತಿ, ಉಗುರಿನಿಂದ ಕೆಳಗಿನ ಕಣ್ಣಿಗೆ ಹೊಡೆದರು. ಟಣ್ ಎಂದಿತು. ಮುಚ್ಚಳ ತೆಗೆದು ಲೆನ್ಸಿನ ಅಂಚಿಗೆ ಮೆಲ್ಲಗೆ ಹೊಡೆದರು. ಆ ಟಣ್ ಇಲ್ಲ. "ಒಂದು ವರ್ಷದಿಂದ ನಿನ್ನ ಕಣ್ಮುಂದೆ ಮುಚ್ಚಳ ಐತಾ ಅಂತ ಇಂಗೆ ನೋಡ್ತಾ ಇದೀನಿ. ಯೋಳಿದ್ರೆ ಇವತ್ತೊಂದಿನ ನೆಪ್ಪಿರ್ತಿತ್ತು. ಈಗ ಸಾಯೋಗಂಟ ನೆಪ್ಪಿರುತ್ತೆ."

ಎರಡೂವರೆ ತಿಂಗಳಿಗೆ ಅಪ್ಪ ಹೋದ. ಊರಲ್ಲಿದ್ದ ಅವ್ವ ಫೋಟೋ ಕೇಳಿದಳು, ಸ್ಟುಡಿಯೋದಾಗ ತೆಗಸ್ಕೊಂಡೇನಿ ಅಂದಿದ್ದನಲ್ಲ ಎಂದಳು. ಕಾರ್ಖಾನೆಯ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿ ಕೊಟ್ಟೆ. ಅದರಲ್ಲಿ ಅವನ ಕಣ್ಣು ಅರ್ಧ ಮುಚ್ಚಿವೆ. ಈಗಲೂ ಅದಕ್ಕೇ ಹಾರ ಬೀಳುತ್ತದೆ.

ಅವತ್ತೇ ಬಿಟ್ಟು ಹೋಗಬೇಕಿತ್ತು, ಅಲ್ಲವೇ? ಹೋಗಲಿಲ್ಲ. ಇನ್ನೂ ಮೂರು ವರ್ಷ ಇದ್ದೆ, ಕಲಿಯುವುದು ಬಾಕಿಯಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಸಾರ್ ಆ ವಿಷಯ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ದಾಸರಹಳ್ಳಿಯಲ್ಲಿ ನನ್ನದೇ ಸ್ಟುಡಿಯೋ ಇಟ್ಟೆ.

ಪೀಣ್ಯದ ತಲೆಯ ಮೇಲೆ ಮೆಟ್ರೋ ಓಡಾಡಲು ಶುರುವಾದ ಮೇಲೆ ಒಂದು ದಿನ ಅವರ ಸೊಸೆ ಫೋನು ಮಾಡಿದಳು. ಸಕ್ಕರೆ ಕಾಯಿಲೆಗೆ ಒಂದು ಕಾಲು ತೆಗೆದಿದ್ದರು, ಮೂತ್ರಪಿಂಡವೂ ಕೈಕೊಟ್ಟಿತ್ತು. "ಮಾವನ ಫೋಟೋನೇ ಇಲ್ಲ ಅಕ್ಕ. ಮೊಬೈಲಲ್ಲಿ ತೆಗೆಯೋಕೆ ಬಿಡಲ್ಲ. ನಿಮ್ಮನ್ನೇ ಕರೀರಿ ಅಂತಿದಾರೆ." ಜೀವನವೆಲ್ಲ ಊರಿನ ಮುಖಗಳನ್ನು ತೆಗೆದವರು ತಮ್ಮ ಮುಖ ಯಾರಿಗೂ ಕೊಟ್ಟಿರಲಿಲ್ಲ. ಮೂರು ರೀಲು ಚೀಲಕ್ಕೆ ಹಾಕಿಕೊಂಡು ಹೋದೆ.

ಕಿಟಕಿಯ ಪಕ್ಕ ಕೂರಿಸಿದ್ದರು. ಸೊಸೆ ತಲೆ ಬಾಚಿ, ಬಿಳಿ ಅಂಗಿ ಹಾಕಿದ್ದಳು. ಮೇಜಿನ ಮೇಲೆ ಎರಡೂ ಕ್ಯಾಮೆರಾ.

"ಬಾ ಬಿಜಾಪುರ. ಎರಡ್ರಾಗೆ ಒಂದು ನಿಂದು, ಆರಿಸ್ಕೊ. ಅದ್ರಲ್ಲೇ ನಂದೊಂದು ತೆಗಿ."

"ಮುಖ ಯಾರ್ದು ಸಾರ್?"

ಅವರು ನಕ್ಕರು. "ನಂದೇ ಕಣಮ್ಮ. ಕೊನೇದು."

ಜೋಡಿಕಣ್ಣು ಎತ್ತಿಕೊಂಡು ರೀಲು ಹಾಕಿದೆ. ಮನೆಯಿಂದ ಹೊರಡುವಾಗ ನನ್ನ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅಭ್ಯಾಸದಂತೆ ಬೆರಳು ತಾನಾಗಿ ಕೆಳಗಿನ ಕಣ್ಣಿಗೆ ಹೊಡೆಯಿತು. ಟಣ್. ಇಬ್ಬರಿಗೂ ಕೇಳಿಸಿತು. ಮುಚ್ಚಳ ತೆಗೆಯಬೇಕಿದ್ದ ಕೈ ತೆಗೆಯಲಿಲ್ಲ.

ಅವರು ಮುಚ್ಚಳ ನೋಡಿದರು, ನನ್ನನ್ನು ನೋಡಿದರು. ತೆಗಿ ಎಂದಿದ್ದರೆ ತೆಗೆಯುತ್ತಿದ್ದೆ. ಅವರು ಬೆನ್ನು ನೆಟ್ಟಗೆ ಮಾಡಿ ಗದ್ದ ಎತ್ತಿದರು. ಹನ್ನೆರಡು ಸಲವೂ ರೆಪ್ಪೆ ಬಡಿಯದೆ ಕೂತರು. ಅಷ್ಟು ಹೊತ್ತೂ ನನಗೆ ಖುಷಿಯಾಗಿತ್ತು. ಹೊಟ್ಟೆ ತಣ್ಣಗಾಗುವಂಥ ಖುಷಿ.

"ಇನ್ನೊಂದು ರೀಲು ಐತಾ?" ಎಂದರು, ಬಹಳ ಮೆತ್ತಗೆ. ಅವರು ನನ್ನ ಬಳಿ ಏನನ್ನಾದರೂ ಬೇಡಿದ್ದು ಅದೊಂದೇ ಸಲ.

"ರೀಲು ಮುಗೀತು ಸಾರ್."

ತಲೆಯಾಡಿಸಿದರು. ಕ್ಯಾಮೆರಾ ಚೀಲಕ್ಕೆ ಹಾಕುವಾಗ ಹೇಳಿದರು: "ಮುಚ್ಚಳ ಉಸಾರು. ಅದೊಂದೇ ಇರೋದು."

ಬಾಗಿಲಲ್ಲಿ ಸೊಸೆ, "ಚೆನ್ನಾಗಿ ಬಂತಾ ಅಕ್ಕ?" ಎಂದಳು. ಚೆನ್ನಾಗಿ ಬಂದಿದೆ ಎಂದೆ. ದಾಸರಹಳ್ಳಿ ತಲುಪುವಷ್ಟರಲ್ಲಿ ಆ ಖುಷಿ ಇಳಿದುಹೋಗಿತ್ತು. ಮರುದಿನ ಬೆಳಗ್ಗೆ ಎದ್ದು ಮತ್ತೆ ಹೋಗಿಬರೋಣ ಎಂದುಕೊಂಡೆ. ಎಂಟು ದಿನ ಹಾಗೇ ಅಂದುಕೊಂಡೆ. ಒಂಬತ್ತನೆಯ ದಿನ ಅವರು ತೀರಿಕೊಂಡರು. ಫಿಲಂ ಹಳೆಯದು, ಏನೂ ಬರಲಿಲ್ಲ ಎಂದು ಅವರ ಮನೆಯವರಿಗೆ ಹೇಳಿದೆ, ನಂಬಿದರು.

ತೆಗೆದ ರೀಲನ್ನು ತೊಳೆಯದೆ ಇಡಬಾರದು ಎಂಬುದು ಅವರು ಕಲಿಸಿದ ಶಿಸ್ತು. ಅಪ್ಪನದನ್ನೂ ತೊಳೆದಿದ್ದೆ, ಅವರದನ್ನೂ ತೊಳೆದೆ. ಆ ಕ್ಯಾಮೆರಾದಲ್ಲೇ ಈಗಲೂ ದುಡಿಯುತ್ತೇನೆ, ಆಮೇಲೆ ನನ್ನ ಒಂದು ಫೋಟೋವೂ ಖಾಲಿ ಬಂದಿಲ್ಲ. ಆ ಎರಡು ರೀಲುಗಳನ್ನು ಒಂದೇ ಡಬ್ಬಿಯಲ್ಲಿಟ್ಟಿದ್ದೆ, ಹೆಸರು ಬರೆದಿರಲಿಲ್ಲ. ಮೊನ್ನೆ ಅಪ್ಪನದನ್ನು ನೋಡಬೇಕೆನಿಸಿ ತೆಗೆದು ಬೆಳಕಿಗೆ ಹಿಡಿದೆ. ಎರಡರಲ್ಲೂ ಏನೂ ಇಲ್ಲ. ಯಾವುದು ಅಪ್ಪ, ಯಾವುದು ಅವರು ಎಂದು ನನಗೆ ಗೊತ್ತಾಗಲಿಲ್ಲ.