ಕನ್ನಡಿ ನೋಡಿ ಹೊಲಿದ ಹೃದಯ

ಟೈಲರಕ್ಕ ಜೀವಶಾಸ್ತ್ರದಲ್ಲಿ ನಪಾಸಾದಾಗ ಅವಳಿಗೆ ಹದಿನೆಂಟು ವರ್ಷ. ಹೃದಯದ ಚಿತ್ರವನ್ನು ಅಂದವಾಗಿಯೇ ಬರೆದಿದ್ದಳು. ಹೃದಯದ ಎಡ ಕೋಣೆಗಳಿಗೆ ಬಲ ಎಂದೂ ಬಲ ಕೋಣೆಗಳಿಗೆ ಎಡ ಎಂದೂ ಹೆಸರು ಬರೆದಿದ್ದಳು, ಅಷ್ಟೆ. ಮೂರು ಅಂಕ ಕಡಿಮೆ ಬಿತ್ತು. ಎರಡನೆಯ ಸಲ ಜ್ವರ ಬಂದು ಪರೀಕ್ಷೆಗೇ ಹೋಗಲಿಲ್ಲ. ಆದರೂ ಅದು ಲೆಕ್ಕಕ್ಕೆ ಸೇರಿತು. ಮೂರನೆಯ ಅವಕಾಶ, ನಿಯಮದ ಪ್ರಕಾರ ಕಟ್ಟಕಡೆಯದು, ಇಪ್ಪತ್ತಮೂರು ವರ್ಷ ಹಾಗೇ ಉಳಿದಿತ್ತು. ಅಷ್ಟರಲ್ಲಿ ಮದುವೆಯಾಯಿತು, ಮುಂಗೋಣೆಗೆ ಎರಡು ಹೊಲಿಗೆ ಯಂತ್ರ ಬಂದವು, ಬೀದಿಯ ಅರ್ಧ ಜನರ ಎದೆಯಳತೆ ಅವಳಿಗೆ ಬಾಯಿಪಾಠವಾಯಿತು.

ನಲವತ್ತೊಂದಕ್ಕೆ ಅವಳು ಅರ್ಜಿ ತುಂಬಿದಾಗ ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ಜನರ ಹೊರಗಿನ ಅಳತೆ ಸಾಲದು ಅಂತ ಈಗ ಒಳಗಿಂದೂ ತೊಗೊಳ್ಳೋಕೆ ಹೊರಟಿದೀಯಾ?"

"ಕತ್ತರಿಸಿ ಅರ್ಧಕ್ಕೆ ಬಿಟ್ಟ ಬಟ್ಟೆ ಇದ್ದ ಹಾಗೆ ಅತ್ತೆ ಅದು. ಬೀರು ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತೆ," ಎಂದಳು ಟೈಲರಕ್ಕ. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಶನಿವಾರಗಳಂದು ಅಂಗಡಿಯ ಗಲ್ಲಾದಲ್ಲಿ ತಾವೇ ಕೂತು, ಬಂದವರಿಗೆ "ಸೊಸೆ ಪ್ರಯೋಗಾಲಯಕ್ಕೆ ಹೋಗಿದಾಳೆ" ಎಂದು, ಅವಳೇನೋ ಲಸಿಕೆ ಕಂಡುಹಿಡಿಯಲು ಹೋದಂತೆ, ಹೇಳತೊಡಗಿದರು.

ಕಾಲೇಜಿನ ಆ ಪ್ರಯೋಗಾಲಯ ಜೀವಶಾಸ್ತ್ರದ ಮೇಷ್ಟ್ರ ಸಾಮ್ರಾಜ್ಯ. ಬಾಗಿಲ ಮೇಲಿನ ಫಲಕದಲ್ಲಿ ಅವರ ಹೆಸರಿನ ಹಿಂದೆ ಪದವಿಗಳು ಸಾಲುಗಟ್ಟಿ, ಕೊನೆಯದಕ್ಕೆ ಜಾಗ ಸಾಲದೆ ಅದು ಚೌಕಟ್ಟಿನ ಮೇಲೆ ಹೋಗಿ ಕೂತಿತ್ತು. ಪಾಠವನ್ನು ಅವರು ಪ್ರೀತಿಯಿಂದಲೇ ಮಾಡುತ್ತಿದ್ದರು. ಜೀರ್ಣಾಂಗವನ್ನು ವಿವರಿಸುವಾಗ ಅದರ ವಿನ್ಯಾಸದ ಬಗ್ಗೆ ಮೊದಲೇ ತಮ್ಮೊಡನೆ ಸಮಾಲೋಚನೆ ನಡೆದಿತ್ತೇನೋ ಎಂಬ ಗತ್ತು ಮಾತ್ರ ದನಿಯಲ್ಲಿ ಇಣುಕುತ್ತಿತ್ತು.

ಹದಿನೇಳರ ಹುಡುಗಿಯರ ನಡುವೆ ಟೈಲರಕ್ಕ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಗಿಡದ ಕಾಂಡವನ್ನು ಬ್ಲೇಡಿನಲ್ಲಿ ತೆಳ್ಳಗೆ ಸೀಳಬೇಕಾದಾಗ ಉಳಿದವರು ಸೌತೆಕಾಯಿ ಹೆಚ್ಚಿದಂತೆ ಬಿಲ್ಲೆ ಬಿಲ್ಲೆ ಮಾಡುತ್ತಿದ್ದರು. ಇವಳ ಸೀಳು ನೀರಿಗೆ ಬಿದ್ದರೆ ಇದೆಯೋ ಇಲ್ಲವೋ ಎಂದು ಹುಡುಕಬೇಕು. ಸೂಕ್ಷ್ಮದರ್ಶಕದಡಿ ಅದನ್ನಿಟ್ಟಾಗ ಜೀವಕೋಶಗಳು ಒಳ್ಳೆಯ ಕೈಯಲ್ಲಿ ಹೊಲಿದ ಕಾಜಾಗಳ ಹಾಗೆ ಸಾಲಾಗಿ ಕಾಣುತ್ತಿದ್ದವು. ಮೇಷ್ಟ್ರು ಆ ಸ್ಲೈಡನ್ನು ಬೇರೆ ತರಗತಿಗೂ ಒಯ್ದು ತೋರಿಸಿದರು, ತಮ್ಮ ತರಬೇತಿಯ ಫಲವೆಂದು.

ಚಳಿಗಾಲದಲ್ಲಿ ಮೇಷ್ಟ್ರಿಗೆ ಒಂದು ಮಹತ್ತರ ಯೋಚನೆ ಹೊಳೆಯಿತು. ತಮ್ಮ ಬಿಳಿ ಏಪ್ರನ್ನಿನ ಎದೆಯ ಮೇಲೆ ಕೆಂಪು, ನೀಲಿ ಬಟ್ಟೆಯಲ್ಲಿ ದೊಡ್ಡದೊಂದು ಹೃದಯ ಹೊಲಿಸಬೇಕು, ಅದನ್ನು ತೊಟ್ಟೇ ಪಾಠ ಮಾಡಬೇಕು. ಪಠ್ಯಪುಸ್ತಕ ಹಿಡಿದು ಟೈಲರಕ್ಕನ ಅಂಗಡಿಗೆ ಬಂದರು. ಏಪ್ರನ್ ತೊಟ್ಟು ಅಳತೆ ನೋಡುವ ಉದ್ದ ಕನ್ನಡಿಯ ಮುಂದೆ ನಿಂತು, ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟು, ಕನ್ನಡಿಯೊಳಗಿನ ಹೃದಯ ಪುಸ್ತಕದ ಹೃದಯದಂತೆಯೇ ಕಾಣುವ ತನಕ ಎದೆಯ ಮೇಲೆ ತಾವೇ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡರು.

ಟೈಲರಕ್ಕನಿಗೆ ಕೈ ತುರಿಸಿತು. "ಸರ್, ಕನ್ನಡಿ ನೋಡಿ ಗುರುತು ಹಾಕಿದ್ರೆ ಜೇಬು ಬಲಗಡೆಗೆ ಹೋಗುತ್ತೆ. ನಮ್ಮಲ್ಲಿ ಯಾರೂ ಹಾಗೆ ಮಾಡಲ್ಲ."

"ಇದು ಜೇಬಲ್ಲಮ್ಮ. ನೀವು ಹೊಲಿಗೆ ನೋಡ್ಕೊಳ್ಳಿ, ಹೃದಯ ನನಗೆ ಬಿಡಿ."

ಇದೇ ಎಡಬಲದಲ್ಲಿ ನಪಾಸಾದವಳು ಇನ್ನೇನು ವಾದ ಮಾಡಿಯಾಳು? ಗುರುತಿದ್ದಂತೆಯೇ ಹೊಲಿದಳು. ಎಡ ಹೃತ್ಕುಕ್ಷಿಯ, ಅಂದರೆ ಎಡಗಡೆಯ ಕೆಳಕೋಣೆಯ, ಗೋಡೆ ಎಲ್ಲಕ್ಕಿಂತ ದಪ್ಪ ಎಂದು ಓದಿದ್ದರಿಂದ ಅದಕ್ಕೆ ಕಾಲರಿನ ಕ್ಯಾನ್ವಾಸ್ ಎರಡು ಪದರ ಹಾಕಿದಳು. ಏಪ್ರನ್ ಕೊಟ್ಟ ಮೇಲೂ ಮನಸ್ಸು ತಡೆಯದೆ, ಹ್ಯಾಂಗರಿನಲ್ಲಿದ್ದ ಗಿರಾಕಿಯೊಬ್ಬರ ಅಂಗಿಯ ಪಕ್ಕ ಪುಸ್ತಕ ಹಿಡಿದು ನೋಡಿದಳು. ಅಂಗಿಯ ಜೇಬು ಯಾವ ಕಡೆಯೋ, ಚಿತ್ರದ ದಪ್ಪ ಕೋಣೆಯೂ ಅದೇ ಕಡೆ. ಚಿತ್ರದಲ್ಲಿರುವುದು ಎದುರಿಗೆ ನಿಂತವರ ಹೃದಯ. ದಿನಕ್ಕೆ ಹತ್ತು ಜನರನ್ನು ಎದುರಿಗೆ ನಿಲ್ಲಿಸಿ ಅಳೆಯುವವಳಿಗೆ ಅದರಲ್ಲಿ ಗೊಂದಲವೇ ಇಲ್ಲ. ಇಪ್ಪತ್ತಮೂರು ವರ್ಷದ ಗಂಟು ಒಂದು ಜೇಬಿನಿಂದ ಬಿಚ್ಚಿತು. ಏಪ್ರನ್ ತಪ್ಪೆನ್ನುವುದೂ ಖಾತ್ರಿಯಾಯಿತು. ಆದರೆ ಪ್ರಾಯೋಗಿಕ ಪರೀಕ್ಷೆಯ ಅರ್ಧ ಅಂಕ ಮೇಷ್ಟ್ರ ಕೈಯಲ್ಲಿತ್ತು. ಅವಳು ತುಟಿ ಹೊಲಿದುಕೊಂಡಳು.

ಪುಸ್ತಕದಲ್ಲಿ ಬೇರೆ ಥರ ಇದೆಯಲ್ಲ ಎಂದು ತರಗತಿಯಲ್ಲಿ ಒಬ್ಬಳು ಕೇಳಿದ್ದಕ್ಕೆ ಮೇಷ್ಟ್ರು, ಅದು ಬರೀ ಕಾಗದ, ಇದು ಜೀವಂತ ದೇಹದ ಮೇಲಿರುವುದು, ಇದನ್ನೇ ನಂಬಿ ಎಂದುಬಿಟ್ಟರು. ಮಕ್ಕಳು ನಂಬಿದರು.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಮೇಡಂ ಬಂದರು. ಮಿತಭಾಷಿ. ಹೆಸರುಗಳಿಲ್ಲದ ಹೃದಯದ ಚಿತ್ರವೊಂದನ್ನು ಮುಂದಿಟ್ಟು, ಎಡ ಹೃತ್ಕುಕ್ಷಿ ತೋರಿಸಿ ಎನ್ನುತ್ತಿದ್ದರು. ಪಕ್ಕದಲ್ಲೇ ಮೇಷ್ಟ್ರು ಏಪ್ರನ್ ತೊಟ್ಟು ನಿಂತಿದ್ದರು. ಒಂಬತ್ತು ಹುಡುಗಿಯರು ಒಬ್ಬರ ಹಿಂದೆ ಒಬ್ಬರಂತೆ ಮೇಷ್ಟ್ರ ಎದೆ ನೋಡಿಕೊಂಡು ಬೆರಳಿಟ್ಟರು. ಒಂಬತ್ತು ಸಲವೂ ಮೇಡಂ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತಿದರು.

ಹತ್ತನೆಯವಳು ಟೈಲರಕ್ಕ. ಚಿತ್ರದಲ್ಲಿ ಅಂಗಿಯ ಜೇಬು ಬರುವ ಕಡೆಗೆ ಬೆರಳಿಟ್ಟಳು. ಮೇಷ್ಟ್ರು ಕೆಮ್ಮಿದರು. ಅವಳನ್ನು ಉಳಿಸುವ ಸದುದ್ದೇಶದಿಂದಲೇ, ತಮ್ಮ ಎದೆಯ ಮೇಲಿನ ಕ್ಯಾನ್ವಾಸನ್ನು ಎರಡು ಬಾರಿ ತಟ್ಟಿಯೂ ತೋರಿಸಿದರು. ಅವಳ ಬೆರಳು ಜಾಗ ಬಿಡಲಿಲ್ಲ.

"ಸರಿ," ಎಂದರು ಮೇಡಂ. "ಉಳಿದವರೆಲ್ಲ ಯಾಕೆ ಆ ಕಡೆ ತೋರಿಸ್ತಿದಾರೆ?"

ಸರಿಯೆನ್ನಿಸಿಕೊಂಡ ಮೇಲೆ ಗೊತ್ತಿಲ್ಲ ಎಂದು ಎದ್ದು ಬರಬಹುದಿತ್ತು. ಅವಳ ಕೊನೆಯ ಅವಕಾಶ ಅಷ್ಟಕ್ಕೇ ದಡ ಸೇರುತ್ತಿತ್ತು. ಬಾಗಿಲಾಚೆ ಒಂಬತ್ತು ಮುಖಗಳು ಕಂಡವು. ಅದರಲ್ಲಿ ಹದಿನೆಂಟರ ತನ್ನದೂ ಒಂದಿದ್ದಂತಿತ್ತು.

"ಅವರ ತಪ್ಪಲ್ಲ ಮೇಡಂ, ಏಪ್ರನ್ನಿಂದು. ಹೊಲಿದೋಳು ನಾನೇ. ಗುರುತು ಹಾಕೋವಾಗ ನಾವಿಬ್ರೂ ಕನ್ನಡಿ ನೋಡಿಬಿಟ್ವಿ. ಆ ಮಕ್ಕಳನ್ನ ಇನ್ನೊಂದ್ಸಲ ಕೇಳಿ."

ಮೇಷ್ಟ್ರು ತಲೆ ಬಗ್ಗಿಸಿ ತಮ್ಮ ಎದೆ ನೋಡಿಕೊಂಡರು. ಅಂಗೈಯನ್ನು ಎಡಕ್ಕಿಟ್ಟರು, ಹೃದಯ ಅಲ್ಲಿ ಬಡಿಯುತ್ತಿತ್ತು, ಹೊಲಿದ ಹೃದಯದ ತುದಿ ಬಲಕ್ಕೆ ಚಾಚಿತ್ತು. ಪದವಿಗಳು ಒಂದೊಂದಾಗಿ ಇಳಿದುಹೋದಂತೆ ಮುಖ ಸಣ್ಣದಾಯಿತು. ಆದರೆ ಮನುಷ್ಯ ಕೆಟ್ಟವರಲ್ಲ. "ಕನ್ನಡಿ ನೋಡಿದ್ದು ನಾನೊಬ್ಬನೇ. ಇವರು ಬೇಡ ಅಂದಿದ್ರು," ಎಂದು ಏಪ್ರನ್ ಬಿಚ್ಚಿ, ಒಳಗುಹೊರಗು ಮಾಡಿ ಮಡಿಸಿಟ್ಟರು. ಮೇಡಂ ಹೊಸ ಚಿತ್ರ ತೆಗೆದು ಒಂಬತ್ತು ಜನರನ್ನೂ ಮತ್ತೆ ಕರೆದರು.

ಫಲಿತಾಂಶ ಬಂದ ದಿನ ಅದನ್ನು ಹೇಳಲು ಮೇಷ್ಟ್ರೇ ಅಂಗಡಿಗೆ ಬಂದರು. ಪ್ರಾಯೋಗಿಕದಲ್ಲಿ ಅವಳಿಗೇ ತರಗತಿಯಲ್ಲಿ ಹೆಚ್ಚು ಅಂಕ. ಒಟ್ಟಿನಲ್ಲಿ ಎರಡನೆಯ ದರ್ಜೆ. ಅತ್ತೆ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, ಬಟ್ಟೆಯ ನೇಯ್ಗೆ ಪರೀಕ್ಷಿಸುವಂತೆ ನೋಡಿದರು. ಮೇಷ್ಟ್ರು ಚೀಲದಿಂದ ಏಪ್ರನ್ ತೆಗೆದರು.

"ಆಲ್ಟರೇಷನ್," ಎಂದರು ಮೆಲ್ಲಗೆ. "ಈ ಸಲ ಹೃದಯ ನಿಮಗೇ ಬಿಟ್ಟಿದೀನಿ."

ಟೈಲರಕ್ಕ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಸೀಮೆಸುಣ್ಣವನ್ನು ತಾನೇ ಕೈಗೆ ತೆಗೆದುಕೊಂಡಳು.

"ನೆಟ್ಟಗೆ ನಿಂತ್ಕೊಳ್ಳಿ ಸರ್. ಉಸಿರು ಬಿಗಿಹಿಡೀಬೇಡಿ."