ತುಂಬುತ್ತಲೇ ಇದ್ದ ಬಟ್ಟಲು

ಅಥವಾ ಆ ಪುಸ್ತಕವನ್ನು ನಾನು ಮೊದಲೇ ಓದಿದ್ದೆನೋ ಏನೋ. ಓದಿದ್ದರೆ ಹೇಳುವುದಕ್ಕೆ ಏನೂ ಇಲ್ಲ. ಇಂಥದ್ದನ್ನು ಬೇರೆಯವರು ಹೇಳಿದಾಗ ನಕ್ಕವನು ನಾನು, ನೀವೂ ನಗಬಹುದು.

ತೊಂಬತ್ತರ ದಶಕದ ಕೊನೆ. ಆಗ ದುಬೈಯ ಸತ್ವಾದಲ್ಲಿದ್ದೆ. ಮಂಗಳೂರಿನಲ್ಲಿ ಹೆಂಡತಿಗೆ ಹೆರಿಗೆ ಕಷ್ಟವಾಗಿದೆಯೆಂದು ಫೋನ್ ಬಂತು. ಸಂಜೆಯ ವಿಮಾನಕ್ಕೆ ಟಿಕೆಟ್ ಸಿಕ್ಕಿತು, ಪಾಸ್‌ಪೋರ್ಟ್ ಮಾತ್ರ ಕಂಪನಿಯ ಮಾಲೀಕರ ಹತ್ತಿರ. ಜೊತೆಗೆ ಕೆಲಸ ಮಾಡುತ್ತಿದ್ದ ಸ್ಟ್ಯಾನಿ ನನ್ನನ್ನು ಮಾಲೀಕರ ಮನೆಗೆ ಕಾರಿನಲ್ಲಿ ಬಿಟ್ಟ.

"ಹೋದ ಕೂಡ್ಲೆ ಕೇಳ್ಬೇಡ ಮಾರಾಯ. ಕಾಫಿ ಮುಗೀಲಿ, ಮತ್ತೆ ಪಾಸ್‌ಪೋರ್ಟಿನ ಮಾತು" ಎಂದು ತಾನು ಕಾರಿನಲ್ಲೇ ಉಳಿದ.

ಅತಿಥಿಗಳ ಹಜಾರದಲ್ಲಿ ಮಾಲೀಕರು ಎದುರಿಗೆ ಕೂತಿದ್ದರು. ಆಳು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಹಿ ಕಾಫಿ ಬಗ್ಗಿಸಿದ. ಕುಡಿದು ಬಟ್ಟಲು ಹಿಂದಕ್ಕೆ ಚಾಚಿದೆ, ಮತ್ತೆ ತುಂಬಿದ. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಬೆಳೆದವನು, ಕುಡಿದೆ. ಮತ್ತೆ ತುಂಬಿದ. ಮಾಲೀಕರು ಮುಗುಳ್ನಗುತ್ತಿದ್ದರು. ಪರದೆಯ ಮೇಲಿನ ಬಿಸಿಲು ಹಳದಿಯಾಗುತ್ತಿತ್ತು. ಏಳುವಂತಿಲ್ಲ, ಕೇಳುವಂತಿಲ್ಲ. ಹೆಂಡತಿ ಬದುಕಿದ್ದಾಳೋ ಇಲ್ಲವೋ ತಿಳಿಯದೆ ಕಾಫಿ ಕುಡಿಯುತ್ತಿದ್ದೆ.

ಮೂಲೆಯಲ್ಲಿ ಯೂರೋಪಿನವನೊಬ್ಬನಿದ್ದ. ಕೆಂಚು ಗಡ್ಡ, ಬಿಸಿಲಿಗೆ ಸುಲಿದ ಮೂಗು. ಆಳು ಅವನ ಕಡೆ ಹೋಗಲೇ ಇಲ್ಲ. ಅವನು ನನ್ನನ್ನೇ ನೋಡುತ್ತ ತನ್ನ ಖಾಲಿ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ, ಎದ್ದು ಹೋದ. ಇನ್ನೂ ಒಂದು ಬಟ್ಟಲು ಕುಡಿದ ಮೇಲೆ ನನಗೆ ಹೊಳೆಯಿತು. ನಾನೂ ಅಲ್ಲಾಡಿಸಿದೆ. ಆಳು ಬಟ್ಟಲು ತೆಗೆದುಕೊಂಡ. ಮಾಲೀಕರು ಏನು ಬಂದಿರಿ ಎಂದು ಕೇಳಿ, ಪಾಸ್‌ಪೋರ್ಟ್ ತರಿಸಿ ಕೊಟ್ಟರು.

"ಬಟ್ಟಲು ಅಲ್ಲಾಡಿಸಿ ತೋರಿಸಿದ ಆ ಗಡ್ಡದವನು ಯಾವ ಕಡೆ ಹೋದ?" ಎಂದು ಸ್ಟ್ಯಾನಿಯನ್ನು ಕೇಳಿದೆ.

"ಯಾವ ಗಡ್ಡ? ಬಾಗಿಲಲ್ಲಿ ನಿನ್ನ ಒಂದು ಜೊತೆ ಚಪ್ಪಲಿಯೇ ಇದ್ದದ್ದು. ಬಟ್ಟಲು ಅಲ್ಲಾಡಿಸಿದ್ರೆ ಸಾಕು ಅಂತ ಅರ್ಥ, ಹೇಳ್ಲಿಕ್ಕೇ ಮರ್ತೆ. ಕಾಫಿ ತಲೆಗೇರಿತಾ ಎಂತ? ಯಲ್ಲಾ, ಹತ್ತು!"

ವರ್ಷಗಳ ನಂತರ ಅಬುಧಾಬಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಹದಿನೆಂಟನೇ ಶತಮಾನದ ಯಾತ್ರಿಕನೊಬ್ಬನ ಬರಹ ಸಿಕ್ಕಿತು. ಅರಬರ ನಡೆನುಡಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಈ ಕಾಫಿ ಉಪಚಾರವೋ ಸೆರೆಯೋ ಎಂದು ಗೊಣಗುತ್ತಾನೆ. ಒಂದು ಮನೆಯಲ್ಲಿ ಹಿಂದೂಸ್ತಾನದ ತರುಣನೊಬ್ಬ ಬೆವರುತ್ತ ಕುಡಿಯುತ್ತಲೇ ಇದ್ದನಂತೆ. ಯಾತ್ರಿಕ ಕನಿಕರದಿಂದ ತನ್ನ ಬಟ್ಟಲು ಅಲ್ಲಾಡಿಸಿ ತೋರಿಸಿದನಂತೆ. ತರುಣನಿಗೆ ಅರ್ಥವಾದಂತೆ ಕಾಣಲಿಲ್ಲ. ತಾನು ಹೊರಟಾಗಲೂ ಅಲ್ಲೇ ಕೂತಿದ್ದ, ಮುಂದೇನಾಯಿತೋ ತಿಳಿಯದು ಎಂದು ಮುಗಿಸಿದ್ದಾನೆ.

ನಾನು ಎದ್ದು ಬಂದೆ. ಹೆಂಡತಿ ಬದುಕಿದಳು, ಮಗಳು ಹುಟ್ಟಿದಳು. ಅಷ್ಟು ಖಚಿತ. ಮೊದಲು ಬಂದದ್ದು ಆ ಮಧ್ಯಾಹ್ನವೋ ಪುಸ್ತಕವೋ, ಅದರಲ್ಲಿ ಇನ್ನೂ ಕೂತಿರುವವನು ಯಾರೋ, ನನಗೆ ಗೊತ್ತಿಲ್ಲ.