ಲೇಬಲ್ ತಿರುಗಿಸಿ ಇಡುತ್ತಿದ್ದ ಜಯಶೀಲಣ್ಣ

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಜಯಶೀಲಣ್ಣ ನಿವೃತ್ತರಾಗುವಾಗ ಅವರ ಬಗ್ಗೆ ಸ್ಮರಣ ಸಂಚಿಕೆಗೆ ಒಂದು ಪುಟ ಬರೆದುಕೊಡಿ ಎಂದು ಪ್ರಿನ್ಸಿಪಾಲರು ನನ್ನನ್ನು ಕೇಳಿದರು. ಒಳ್ಳೆಯದನ್ನೇ ಬರೆಯಿರಿ ಮೇಡಂ ಎಂದೂ ಸೇರಿಸಿದರು. ಬರೆದುಕೊಟ್ಟೆ. ಅದರಲ್ಲಿ ಇರುವುದೆಲ್ಲ ನಿಜ, ಆದರೆ ಹೇಳಬೇಕಾದದ್ದು ಒಂದೂ ಇಲ್ಲ. ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ತಂದೆ ಭದ್ರಾ ಅಣೆಕಟ್ಟು ಕಟ್ಟುವಾಗ ಗಾರೆ ಕೆಲಸಕ್ಕೆಂದು ಲಕ್ಕವಳ್ಳಿಗೆ ಬಂದವರು. ಮಗ ಕಡೂರಿನ ನಮ್ಮ ಕಾಲೇಜು ಸೇರಿ ಮೂವತ್ತೊಂದು ವರ್ಷ ಪ್ರನಾಳ ತೊಳೆದರು. ಒಂದು ದಿನ ತಡವಾಗಿ ಬಂದವರಲ್ಲ, ಒಂದು ಪ್ರನಾಳ ಒಡೆದವರಲ್ಲ. ನಾನು ಒಡೆದದ್ದನ್ನೂ ಸದ್ದಿಲ್ಲದೆ ಗುಡಿಸಿ ಹಾಕಿದವರು. ಇಷ್ಟು ಸ್ಮರಣ ಸಂಚಿಕೆಯಲ್ಲೂ ಇದೆ.

ಕ್ರೈಸ್ತ ವಿದ್ಯಾರ್ಥಿಗಳಿಗಾಗಿ ಅವರು ಶನಿವಾರ ಮಧ್ಯಾಹ್ನ ಒಂದು ಕೂಟ ನಡೆಸುತ್ತಿದ್ದರು. ಊರಿನ ಪ್ರಾರ್ಥನಾಲಯದ ಪಕ್ಕದ ಕೋಣೆ, ಎರಡು ಬೆಂಚು, ಏಳೆಂಟು ಮಕ್ಕಳು. ಕಾಲೇಜಿಗೆ ಬಂದ ಮೇಲೆ ಮಕ್ಕಳ ಮೈ ಬೆಳೆಯುತ್ತದೆ, ಬುದ್ಧಿ ಬೆಳೆಯುತ್ತದೆ, ಆತ್ಮ ಮಾತ್ರ ಹೈಸ್ಕೂಲಿನಲ್ಲೇ ಉಳಿದುಬಿಡುತ್ತದೆ ಎಂಬುದು ಅವರ ಚಿಂತೆ. ಬೆಳೆಸುವ ದಾರಿ ಯಾವುದು? ಅವರಿಗೆ ಗೊತ್ತಿದ್ದದ್ದು ಒಂದೇ, ಲ್ಯಾಬ್ ರೆಕಾರ್ಡ್. ಪ್ರತಿಯೊಬ್ಬರೂ ಕಂದು ರಟ್ಟಿನ ಒಂದು ಪುಸ್ತಕ ಇಡಬೇಕು. ವಾರಕ್ಕೊಂದು ಪುಟ. ಉದ್ದೇಶ: ಕೋಪ ಬಿಡುವುದು. ವಿಧಾನ: ಬೆಳಿಗ್ಗೆ ಪ್ರಾರ್ಥನೆ, ಒಂದು ವಾಕ್ಯ ಬಾಯಿಪಾಠ. ವೀಕ್ಷಣೆ: ಮಂಗಳವಾರ ಅಣ್ಣನಿಗೆ ಬೈದೆ. ಫಲಿತಾಂಶ: ಅಪೂರ್ಣ. ಕೆಳಗೆ ಜಯಶೀಲಣ್ಣನ ಕೆಂಪು ಶಾಯಿಯ ಸಹಿ.

ಲ್ಯಾಬ್ ರೆಕಾರ್ಡಿಗೆ ಆಗುವ ಗತಿಯೇ ಇದಕ್ಕೂ ಆಯಿತು. ಮಕ್ಕಳು ಹಿಂದಿನ ವರ್ಷದವರ ಪುಸ್ತಕ ಇಸಿದುಕೊಂಡು ನೋಡಿ ಇಳಿಸತೊಡಗಿದರು. ತರೀಕೆರೆಯ ಹುಡುಗನೊಬ್ಬನ ಅಸೂಯೆ ಅವನು ಪದವಿ ಮುಗಿಸಿ ಹೋದ ಮೇಲೂ ಮೂರು ತಂಡಗಳ ಪುಸ್ತಕದಲ್ಲಿ ಅದೇ ಮಾತುಗಳಲ್ಲಿ ಮುಂದುವರಿಯಿತು. ಜಯಶೀಲಣ್ಣ ಎಲ್ಲಕ್ಕೂ ಸಹಿ ಹಾಕಿದರು. ಈ ಪಾಪ ಈ ಊರಲ್ಲಿ ಬಹಳ ಹರಡಿದೆ ಮೇಡಂ ಎಂದು ನನ್ನ ಹತ್ತಿರ ಹೇಳಿಕೊಂಡು ನೊಂದುಕೊಂಡರು. ನಗು ತಡೆಯಲು ನಾನು ಬೀರುವಿನೊಳಗೆ ತಲೆ ಹಾಕಬೇಕಾಯಿತು.

ಸ್ವಂತವಾಗಿ ಬರೆಯುತ್ತಿದ್ದವಳು ಒಬ್ಬಳೇ, ಸ್ತುತಿ. ಅಜ್ಜಂಪುರದಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗಿ, ಮಾತು ಕಡಿಮೆ. ಅಪ್ಪ ದರ್ಜಿ, ಕಣ್ಣು ಮಂಜಾಗುತ್ತಿದೆ. ಮೂರು ವರ್ಷ ಓದಿಸುತ್ತೇನೆ, ಪಾಸಾದರೆ ಬಿ.ಎಡ್. ಮಾಡು, ಒಂದು ವಿಷಯ ಹೋದರೂ ಬಂದು ಹೊಲಿಗೆ ಮಿಷನ್ ಮುಂದೆ ಕೂರು ಎಂದು ಆತ ಕಡ್ಡಿ ಮುರಿದಂತೆ ಹೇಳಿದ್ದ. ಟೀಚರ್ ಆಗಬೇಕೆಂಬುದು ಬಿಟ್ಟರೆ ಈ ಹುಡುಗಿಗೆ ಬೇರೆ ಆಸೆಯೇ ಇರಲಿಲ್ಲ. ಅದು ಜಯಶೀಲಣ್ಣನಿಗೂ ಗೊತ್ತು, ನನಗೂ ಗೊತ್ತು.

ಈಗ ಲೇಬಲ್ ವಿಷಯಕ್ಕೆ ಬರುತ್ತೇನೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಹೆಸರಿಲ್ಲದ ಒಂದು ಲವಣದ ಪೊಟ್ಟಣ ಕೊಡುತ್ತೇವೆ. ಅದು ಯಾವುದೆಂದು ಕಂಡುಹಿಡಿಯಬೇಕು. ಯಾರಿಗೆ ಯಾವುದು ಹೋಗಿದೆ ಎಂಬುದು ಪೊಟ್ಟಣ ಕಟ್ಟಿದ ಅಟೆಂಡರಿಗೆ ಗೊತ್ತು. ಕೆಲವು ಕಡೆ ಕಿವಿಯಲ್ಲಿ ಉಸುರುತ್ತಾರಂತೆ. ಜಯಶೀಲಣ್ಣ ಬಾಯಿ ಬಿಡುತ್ತಿರಲಿಲ್ಲ. ನೀರು ತಂದಿಡುವ ನೆಪದಲ್ಲಿ ಬಂದು, ಕಪಾಟಿನ ಹತ್ತಾರು ಬಾಟಲಿಗಳಲ್ಲಿ ಆ ಲವಣವನ್ನು ಪತ್ತೆ ಹಚ್ಚುವ ಒಂದರ ಲೇಬಲ್ಲನ್ನು ಮಾತ್ರ ವಿದ್ಯಾರ್ಥಿಯ ಕಡೆ ತಿರುಗಿಸಿ ಹೋಗುತ್ತಿದ್ದರು. ಪೊಟ್ಯಾಸಿಯಂ ಕ್ರೋಮೇಟ್ ಬಾಟಲಿ ತಿರುಗಿತು ಎಂದರೆ ಲವಣದಲ್ಲಿರುವುದು ಬೇರಿಯಂ. ಹಿರಿಯರಿಂದ ಕಿರಿಯರಿಗೆ ಈ ವಿದ್ಯೆ ರೆಕಾರ್ಡ್ ಪುಸ್ತಕದ ಜೊತೆಗೇ ಹೋಗುತ್ತಿತ್ತು. ಸುಳ್ಳು ಹೇಳಬಾರದು ಎಂದು ಶನಿವಾರ ಕಲಿಸುವವರು ಹೀಗೆ ಮಾಡಬಹುದೇ ಎಂದು ಒಮ್ಮೆ ಕೆಣಕಿದ್ದೆ. ನಾನೇನೂ ಹೇಳುವುದಿಲ್ಲವಲ್ಲ ಮೇಡಂ ಎಂದರು. ನಾನೂ ಸುಮ್ಮನಾದೆ. ನೂರಕ್ಕೆ ನೂರು ಫಲಿತಾಂಶ ಎಂದು ಪ್ರತಿ ವರ್ಷ ಗೇಟಿಗೆ ಬ್ಯಾನರ್ ಕಟ್ಟುವವರಲ್ಲಿ ನಾನೂ ಒಬ್ಬಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಅವರೊಬ್ಬರಿಗೇ ಮಾಡಿದ್ದಲ್ಲ.

ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಶಿವಮೊಗ್ಗದ ಕಡೆಯಿಂದ ರಘುನಾಥ್ ಎಂಬ ಪರೀಕ್ಷಕರು ಬಂದರು. ಹನ್ನೆರಡು ಮಕ್ಕಳ ತಂಡ. ಸ್ತುತಿಗೆ ಬಂದದ್ದು ಬೇರಿಯಂ. ಜಯಶೀಲಣ್ಣ ಎಂದಿನಂತೆ ಬಾಟಲಿ ತಿರುಗಿಸಿ ಹೋದರು. ಅವಳು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಕೈ ತಾಗಿರಬೇಕು ಎಂದುಕೊಂಡು ಇವರು ಮತ್ತೆ ಬಂದು ಸರಿ ಮಾಡಿದರು. ಅವಳು ಮತ್ತೆ ತಿರುಗಿಸಿದಳು. ಮೂರನೇ ಸಲ ಇವರು ಬಾಟಲಿಯನ್ನು ತಂದು ಅವಳ ಉತ್ತರ ಪತ್ರಿಕೆಯ ಪಕ್ಕದಲ್ಲೇ ಇಟ್ಟರು. ಅವಳು ಎದ್ದುಹೋಗಿ ಅದನ್ನು ಕಪಾಟಿನಲ್ಲಿಟ್ಟು ಬಂದು ಕೂತಳು. ಮುಖ ಕೆಂಪಾಗಿತ್ತು. ಆಮೇಲೆ ಕ್ರಮದ ಪ್ರಕಾರವೇ ಒಂದೊಂದು ಪರೀಕ್ಷೆ ಮಾಡುತ್ತ ಹೋದಳು. ಕ್ರೋಮೇಟ್ ಹಾಕುವ ಹೊತ್ತಿಗೆ ಆಮ್ಲ ಹೆಚ್ಚು ಸುರಿದಿದ್ದಳು. ಬರಬೇಕಾದ ಹಳದಿ ಗಸಿ ಬರಲಿಲ್ಲ. ಬೇರಿಯಂ ಅಲ್ಲ ಎಂದು ಬರೆದು ಸ್ಟ್ರಾನ್ಷಿಯಂ ಎಂದು ಮುಗಿಸಿದಳು. ನಾನು ಹಿಂದೆ ನಿಂತು ನೋಡುತ್ತಿದ್ದೆ. ನನಗೆ ಅವಳ ಮೇಲೆ ಸಿಟ್ಟು ಬಂತು.

ಊಟದ ಹೊತ್ತಿನಲ್ಲಿ ಜಯಶೀಲಣ್ಣ ನೇರವಾಗಿ ರಘುನಾಥರ ಮುಂದೆ ಬಂದು ನಿಂತರು.

"ಸಾರ್, ಹನ್ನೊಂದು ಜನಕ್ಕೂ ನಾನೇ ತೋರಿಸ್ಕೊಟ್ಟೆ. ಆ ಹುಡುಗಿ ಒಬ್ಳೇ ತಾನಾಗಿ ಮಾಡಿರೋದು. ಅವಳನ್ನ ಫೇಲ್ ಮಾಡ್ಬೇಡಿ."

ರಘುನಾಥರು ಮೊಸರನ್ನ ಕಲಸುತ್ತ, ಉಪ್ಪಿನಕಾಯಿ ಮನೆಯದಾ ಮೇಡಂ ಎಂದು ನನ್ನನ್ನು ಕೇಳಿದರು. ಮನೆಯದೇ ಎಂದೆ. ಜಯಶೀಲಣ್ಣ ಅದನ್ನೇ ಮತ್ತೊಮ್ಮೆ ಹೇಳಿದರು. ಆಗ ರಘುನಾಥರು ತಲೆ ಎತ್ತಿ, ನೀವು ಹೇಳಿದ್ದು ನನಗೆ ಕೇಳಿಸಲಿಲ್ಲ, ಕೇಳಿಸಿದರೆ ಎಲ್ಲರಿಗೂ ಮರುಪರೀಕ್ಷೆ, ನಿಮಗೆ ಮನೆ, ಹೋಗಿ ಪ್ರನಾಳ ತೊಳೆಯಿರಿ ಎಂದರು. ಪ್ರಿನ್ಸಿಪಾಲರ ಹತ್ತಿರ ಹೋದರೆ ಅವರಿಗೂ ಕೇಳಿಸಲಿಲ್ಲ. ನಿವೃತ್ತಿಗೆ ಐದು ತಿಂಗಳಿದ್ದ ಮನುಷ್ಯ ತನ್ನ ತಪ್ಪನ್ನು ಹಿಡಿದುಕೊಂಡು ಕಾಲೇಜೆಲ್ಲ ತಿರುಗಿದರೂ ತೆಗೆದುಕೊಳ್ಳುವವರು ಸಿಗಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಬಂತು, ಅಷ್ಟಾಗಿ ಹೇಳಲೇಬೇಕಿದ್ದರೆ ನಿಮ್ಮ ಕೂಟದಲ್ಲಿ ಹೇಳಿಕೊಳ್ಳಿ ಎಂದು ನಾನೂ ರೇಗಿದೆ.

ಅವರು ಅದನ್ನು ಸಲಹೆ ಎಂದುಕೊಂಡರು. ಆ ಶನಿವಾರ ನಾನೂ ಕೂಟಕ್ಕೆ ಹೋದೆ. ಭಕ್ತಿಯಿಂದಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ಎಲ್ಲಿ ನನ್ನ ಹೆಸರೂ ಬರುತ್ತದೋ ಎಂಬ ಹೆದರಿಕೆ. ಬರಲಿಲ್ಲ. ಮೂವತ್ತೊಂದು ವರ್ಷದ್ದನ್ನೆಲ್ಲ ಅವರು ತಮ್ಮೊಬ್ಬರ ಮೇಲೇ ಹಾಕಿಕೊಂಡು, ಎದ್ದು ನಿಂತು ಹೇಳಿದರು. ಹನ್ನೊಂದು ಜನರಲ್ಲಿ ಒಬ್ಬನಾದ ಆಶೀರ್ವಾದ್, ಹಾಗಾದರೆ ನಮ್ಮ ಮಾರ್ಕ್ಸ್ ವಾಪಸ್ ಕೊಡಬೇಕಾ ಅಣ್ಣ ಎಂದು ಕೇಳಿದ. ಗೊತ್ತಿಲ್ಲ ಕಣಪ್ಪ ಎಂದರು. ಗೊತ್ತಿಲ್ಲ ಎಂದು ಅವರು ಆ ಮಕ್ಕಳಿಗೆ ಹೇಳಿದ್ದು ಅದೇ ಮೊದಲಂತೆ. ಇಳಿಸಿದ ಪುಸ್ತಕಗಳನ್ನು ಮಕ್ಕಳು ಒಬ್ಬೊಬ್ಬರಾಗಿ ಚೀಲದೊಳಗೆ ಸೇರಿಸಿಬಿಟ್ಟರು. ಅವತ್ತು ಯಾವುದಕ್ಕೂ ಸಹಿ ಬೀಳಲಿಲ್ಲ.

ಸ್ತುತಿ ಆ ಶನಿವಾರ ಬಂದಿರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ. ಫೋನ್ ಮಾಡಿದರೆ ಅವರಪ್ಪ ತೆಗೆದು, ಗುಂಡಿ ಕಾಜಾ ಹೊಲೀತಾವ್ಳೆ ಎಂದನಂತೆ. ಜಯಶೀಲಣ್ಣ ಅವಳಿಗಾಗಿ ಶುಕ್ರವಾರ ಉಪವಾಸ ಹಿಡಿದರು. ಹಸಿದ ಹೊಟ್ಟೆಯಲ್ಲಿ ಕೆಲಸ ಮಾಡುತ್ತ ಜೀವನದಲ್ಲಿ ಮೊದಲ ಪ್ರನಾಳ ಒಡೆದರು. ಅದನ್ನು ನಾನು ಗುಡಿಸಿ ಹಾಕಿದೆ.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಮಧ್ಯಾಹ್ನ ಸ್ತುತಿ ಪ್ರಯೋಗಾಲಯಕ್ಕೆ ಬಂದು ಫೋನಿನಲ್ಲಿ ಅಂಕ ತೋರಿಸಿದಳು. ಪ್ರಾಯೋಗಿಕದಲ್ಲಿ ಮೂವತ್ತೈದಕ್ಕೆ ಹದಿನಾರು. ಹದಿನಾಲ್ಕು ಬಂದರೆ ಪಾಸು. ಲವಣ ತಪ್ಪಾಗಿದ್ದರೂ ಮಾಡಿದ ಕ್ರಮಕ್ಕೆ, ಮೌಖಿಕಕ್ಕೆ ಅಷ್ಟು ಬಂದಿತ್ತು. ಕೇಳಿಸಲಿಲ್ಲ ಎಂದ ರಘುನಾಥರು ಹಾಕಿದ ಅಂಕವೇ ಅದು, ಪಕ್ಕದಲ್ಲಿ ಕೂತು ನಾನೂ ಸಹಿ ಹಾಕಿದ್ದೆ, ಫಲಿತಾಂಶ ಬರುವವರೆಗೆ ಹೇಳುವ ಹಾಗಿರಲಿಲ್ಲ. ಜಯಶೀಲಣ್ಣ ಸಂತೋಷಕ್ಕೆ ಸ್ಟೂಲಿನ ಮೇಲೆ ಕೂತೇಬಿಟ್ಟರು. ದೇವರು ದೊಡ್ಡವನಮ್ಮ, ನಿನಗಾಗಿ ಏಳು ಶುಕ್ರವಾರ ಉಪವಾಸ ಇದ್ದೆ, ನನ್ನ ಮೇಲಿನ ಕೋಪ ಬಿಡು, ಆ ಮೋಸಾನ ಎಲ್ಲರ ಮುಂದೆ ಒಪ್ಪಿಕೊಂಡಿದ್ದೀನಿ ಎಂದರು.

ಸ್ತುತಿ ಫೋನನ್ನು ಚೀಲದಲ್ಲಿಟ್ಟುಕೊಂಡಳು.

"ಮೋಸಕ್ಕೆ ಕೋಪ ಬಂದಿದ್ದಲ್ಲ ಅಣ್ಣ. ಮೂರು ವರ್ಷ ದೇವ್ರನ್ನ ನಂಬು, ನಂಬು ಅಂತ ಹೇಳ್ಕೊಟ್ರಿ. ನಾನೇ ಮಾಡ್ತೀನಿ ಅಂತ ನೀವು ಒಂದಿನಾನೂ ನನ್ನ ನಂಬ್ಲಿಲ್ಲ."

ಜಯಶೀಲಣ್ಣ ಸ್ಟೂಲಿನಿಂದ ಎದ್ದು ನಿಂತರು.

"ನಂಬ್ಲಿಲ್ಲ ಕಣಮ್ಮ," ಎಂದರು. "ಯಾರನ್ನೂ ನಂಬ್ಲಿಲ್ಲ."

ಅವಳು ಅಲ್ಲೇ ನಿಂತಿದ್ದಳು. ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನೂ ಅದನ್ನೇ ಹೇಳಬೇಕಾಗುತ್ತಿತ್ತು. ಮೂರು ವರ್ಷ ಅವಳಿಗೆ ಪಾಠ ಮಾಡಿದವಳು ನಾನು.